ಬೆಳಗಿಯೂ ಎಚ್ಚರಗೊಳ್ಳದ ಗಣಕಯಂತ್ರ: ನಿದಾನವಿದ್ಯೆಯ ಅಗತ್ಯ

ಗಣಕಯಂತ್ರಗಳ ಕೋಣೆಯು ಇಂದು ಪಾಠಶಾಲೆಗೆ ಗ್ರಂಥಾಲಯದಷ್ಟೇ ಅವಶ್ಯವಾದ ಅಂಗವೆನಿಸಿದೆ. ಆದರೆ ಆ ಕೋಣೆಗಳನ್ನು ಹೊಕ್ಕು ನೋಡಿದವರಿಗೆ ಸಾಮಾನ್ಯವಾಗಿ ಕಾಣಬರುವ ದೃಶ್ಯವೊಂದುಂಟು. ಸಾಲಾಗಿರಿಸಿದ ಯಂತ್ರಗಳಲ್ಲಿ ಕೆಲವು ಹೊದಿಕೆ ಹೊದ್ದು, ಧೂಳು ಹಿಡಿದು, ಮೂಲೆಗೆ ಸರಿದಿರುತ್ತವೆ. ಕಾರಣವನ್ನು ಕೇಳಿದರೆ ದೊರೆಯುವ ಉತ್ತರ ಒಂದೇ: ‘ಕೆಟ್ಟಿದೆ.’ ಏನು ಕೆಟ್ಟಿದೆ, ಯಾವ ಭಾಗ ಕೆಟ್ಟಿದೆ, ಕೆಡುವ ಮುನ್ನ ಯಾವ ಲಕ್ಷಣ ತೋರಿತು ಎಂಬ ಮುಂದಿನ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ. ಅವುಗಳಲ್ಲಿ ಹಲವು ಪೂರ್ಣ ನಿರ್ಜೀವವಾದ ಯಂತ್ರಗಳೂ ಅಲ್ಲ. ಗುಂಡಿಯನ್ನೊತ್ತಿದರೆ ದೀಪ ಬೆಳಗುತ್ತದೆ, ಒಳಗಣ ಬೀಸಣಿಗೆ ತಿರುಗುತ್ತದೆ. ಆದರೆ ತೆರೆಯ ಮೇಲೆ ಕೆಲಸಕ್ಕೆ ಬರುವಂತಹುದೇನೂ ಮೂಡುವುದಿಲ್ಲ. ಯಂತ್ರವು ಬೆಳಗಿದೆ, ಎಚ್ಚರಗೊಂಡಿಲ್ಲ.

ಪ್ರಕೃತ ಲೇಖನದ ಅಭಿಪ್ರಾಯ ಇಷ್ಟು: ಇಂತಹ ಯಂತ್ರದ ದೋಷವನ್ನು ಕ್ರಮವಾಗಿ ಅರಸಿ ಕಂಡುಹಿಡಿಯುವ ವಿದ್ಯೆಯನ್ನು ನಾವು ಶಾಲೆಯಲ್ಲಿಯೇ ಕಲಿಸಬೇಕು. ಬೆರಳಚ್ಚು, ಚಿತ್ರರಚನೆ, ಕೋಷ್ಟಕ ತಯಾರಿಕೆ ಇವನ್ನಷ್ಟೇ ಕಲಿಸಿ, ಯಂತ್ರವು ನಿಂತೊಡನೆ ಕೈಕಟ್ಟಿ ಕುಳಿತುಕೊಳ್ಳುವ ವಿದ್ಯಾರ್ಥಿಯನ್ನು ‘ಗಣಕಜ್ಞಾನವುಳ್ಳವನು’ ಎಂದು ಕರೆಯುವುದು, ಓದಲು ಬಂದೂ ಅನ್ವಯ ಮಾಡಲು ಬಾರದವನನ್ನು ಕಾವ್ಯಜ್ಞನೆಂದು ಕರೆದಂತೆ. ಭಾಷಾಪಾಠ ಹೇಳುವವರಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಇಂದು ಕನ್ನಡದ ಬರೆಹವೆಲ್ಲ ಆ ಪೆಟ್ಟಿಗೆಯೊಳಗೇ ಇದೆಯಾದುದರಿಂದ ಗೊಡವೆ ಇದ್ದೇ ಇದೆ. ಅದನ್ನು ಮುಂದೆ ವಿವರಿಸಲಾಗುವುದು.

ಗಣಕವು ಎಚ್ಚರಗೊಳ್ಳುವ ಕ್ರಿಯೆಗೆ ‘ಬೂಟ್’ ಎಂದು ಹೆಸರು. ಇದು ‘ಬೂಟ್‌ಸ್ಟ್ರ್ಯಾಪ್’ ಎಂಬ ಇಂಗ್ಲಿಷ್ ಪದದ ಸಂಕ್ಷೇಪರೂಪ. ಪಾದರಕ್ಷೆಯ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದೆಂಬ ಅಸಾಧ್ಯ ಕಾರ್ಯವನ್ನು ಸೂಚಿಸುವ ನುಡಿಗಟ್ಟಿನಿಂದ ಹುಟ್ಟಿದ ಮಾತು. ಹೆಸರು ಸಾರ್ಥಕವಾದುದೇ ಸರಿ. ಯಂತ್ರವು ಯಾವ ಕೆಲಸ ಮಾಡಬೇಕಾದರೂ ಅದಕ್ಕೆ ಆದೇಶಮಾಲೆಯೊಂದು ಬೇಕು. ಆ ಆದೇಶಮಾಲೆಯನ್ನು ಡಿಸ್ಕಿನಿಂದ ಎತ್ತಿ ತರುವುದಕ್ಕೂ ಇನ್ನೊಂದು ಆದೇಶಮಾಲೆ ಬೇಕು. ಮೊದಲನೆಯದನ್ನು ತರುವವರಾರು? ಈ ಅನವಸ್ಥೆಯನ್ನು ತಪ್ಪಿಸಲೆಂದೇ ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಅಳಿಯದ ಕಿರು ಆದೇಶಮಾಲೆಯನ್ನು ತಯಾರಕರೇ ಬರೆದಿರಿಸುತ್ತಾರೆ. ೧೯೮೧ರ ಆಗಸ್ಟ್ ತಿಂಗಳಿನಲ್ಲಿ ಐಬಿಎಂ ಸಂಸ್ಥೆಯು ಹೊರತಂದ ವೈಯಕ್ತಿಕ ಗಣಕದಲ್ಲಿ ಇದಕ್ಕೆ ‘ಬಯೋಸ್’ ಎಂದು ಹೆಸರಿತ್ತು. ಇಂದಿನ ಯಂತ್ರಗಳಲ್ಲಿ ಅದರ ಸ್ಥಾನದಲ್ಲಿ ‘ಯುಇಎಫ್‌ಐ’ ಎಂಬ ವ್ಯವಸ್ಥೆಯಿದೆ. ೨೦೦೫ರಲ್ಲಿ ಇದಕ್ಕಾಗಿ ಹಲವು ತಯಾರಕರ ಕೂಟವೊಂದು ಏರ್ಪಟ್ಟಿತು. ವಾಡಿಕೆಯಲ್ಲಿ ಇದನ್ನೂ ಬಯೋಸ್ ಎಂದೇ ಕರೆಯುವುದುಂಟು.

ಎಚ್ಚರಗೊಳ್ಳುವ ಈ ಕ್ರಿಯೆ ಒಂದೇ ನೆಗೆತದಲ್ಲಿ ನಡೆಯುವುದಲ್ಲ; ಅದು ಸೋಪಾನಕ್ರಮದಲ್ಲಿ ನಡೆಯುತ್ತದೆ. ಮೊದಲು ವಿದ್ಯುತ್ ಪೆಟ್ಟಿಗೆಯು ಗೋಡೆಯ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳಿಗೆ ಇಳಿಸಿ, ಅವು ಸ್ಥಿರಗೊಂಡ ಮೇಲೆ ‘ಎಲ್ಲ ಸರಿಯಿದೆ’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳುಹಿಸುತ್ತದೆ. ಆಗ ಮುಖ್ಯ ಸಂಸ್ಕಾರಕವು ನಿಯತವಾದ ಒಂದು ವಿಳಾಸದಿಂದ ತನ್ನ ಮೊದಲ ಆದೇಶವನ್ನು ಓದುತ್ತದೆ. ಬಳಿಕ ಬಯೋಸ್ ತನ್ನ ಪರಿವಾರವನ್ನು ಪರೀಕ್ಷಿಸುತ್ತದೆ: ಸ್ಮೃತಿಫಲಕವಾದ ರ‍್ಯಾಮ್ ಇದೆಯೇ, ದೃಶ್ಯವನ್ನು ಮೂಡಿಸುವ ಭಾಗವಿದೆಯೇ, ಕೀಲಿಮಣೆಯಿದೆಯೇ ಎಂದು. ಈ ಆತ್ಮಪರೀಕ್ಷೆ ಮುಗಿದ ಮೇಲೆ, ತನಗೆ ಹೇಳಿಟ್ಟ ಅನುಕ್ರಮದಲ್ಲಿ ಡಿಸ್ಕುಗಳನ್ನು ಅರಸುತ್ತದೆ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳನ್ನು ಓದಿ, ಅವುಗಳ ಕೊನೆಯ ಎರಡು ಬೈಟುಗಳಲ್ಲಿ ನಿಯತವಾದ ಮುದ್ರೆಯಿದ್ದರೆ ಮಾತ್ರ ಮುಂದಿನ ಅಧಿಕಾರವನ್ನು ಅದಕ್ಕೊಪ್ಪಿಸುತ್ತದೆ. ಹೊಸ ಪದ್ಧತಿಯಲ್ಲಿ ಇದಕ್ಕೆಂದೇ ಮೀಸಲಾದ ಡಿಸ್ಕಿನ ಒಂದು ವಿಭಾಗದಿಂದ ಕಡತವನ್ನು ಎತ್ತಿಕೊಳ್ಳುತ್ತದೆ. ಆ ಕಡತವು ವಿಂಡೋಸನ್ನೋ ಲಿನಕ್ಸನ್ನೋ ಕರೆತರುತ್ತದೆ. ಕಟ್ಟಕಡೆಗೆ ನಮ್ಮ ಹೆಸರನ್ನು ಕೇಳುವ ತೆರೆ ಮೂಡುತ್ತದೆ.

ಇದನ್ನರಿತವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ದೀಪ ಬೆಳಗಿ ಬೀಸಣಿಗೆ ತಿರುಗಿದರೆ ಮೊದಲ ಮೆಟ್ಟಿಲನ್ನು ಮುಟ್ಟಿದಂತಾಯಿತೇ ಹೊರತು, ಅದನ್ನು ದಾಟಿದುದೂ ಸಿದ್ಧವಾಗಲಿಲ್ಲ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಏಕೆ ಕೆಟ್ಟಿತು?’ ಎಂಬುದಲ್ಲ, ‘ಎಲ್ಲಿಯವರೆಗೆ ಬಂದು ನಿಂತಿತು?’ ಎಂಬುದು. ತೆರೆ ಸಂಪೂರ್ಣ ಕಪ್ಪಾಗಿದೆಯೇ, ತಯಾರಕರ ಲಾಂಛನ ಮೂಡಿ ನಿಂತಿದೆಯೇ, ಡಿಸ್ಕು ಕಾಣದೆಂಬ ವಾಕ್ಯ ಬಂದಿದೆಯೇ, ವಿಂಡೋಸಿನ ಚಿಹ್ನೆ ತಿರುಗಿ ತಿರುಗಿ ನೀಲಿ ತೆರೆಯಲ್ಲಿ ಕೊನೆಗೊಂಡಿದೆಯೇ ಎಂಬ ನಾಲ್ಕು ಬಗೆಗಳಿಗೆ ನಾಲ್ಕು ಬೇರೆ ದಾರಿಗಳಿವೆ. ಎಲ್ಲವನ್ನೂ ‘ಕೆಟ್ಟಿದೆ’ ಎಂಬ ಒಂದೇ ಶಬ್ದದಲ್ಲಿ ಮುಚ್ಚುವುದು ನಾಲ್ಕು ವ್ಯಾಧಿಗಳಿಗೆ ಒಂದೇ ಕಷಾಯ ಕೊಟ್ಟಂತೆ.

ನಮ್ಮ ವೈದ್ಯಶಾಸ್ತ್ರದವರು ರೋಗವನ್ನರಿಯುವ ಉಪಾಯಗಳನ್ನು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದಾಗಿ ಎಣಿಸಿದ್ದಾರೆ. ಕಾರಣ, ಮುನ್ಸೂಚನೆ, ಲಕ್ಷಣ, ಏನು ಮಾಡಿದರೆ ಶಮನವಾಗುವುದೆಂಬ ಪ್ರಯೋಗ, ವ್ಯಾಧಿಯು ಬೆಳೆದ ಬಗೆ ಎಂಬುದು ಇವುಗಳ ಸ್ಥೂಲಾರ್ಥ. ಗಣಕಕ್ಕೂ ಇವು ಅಕ್ಷರಶಃ ಸಲ್ಲುತ್ತವೆ. ನಿನ್ನೆ ವಿದ್ಯುತ್ ಹಠಾತ್ತನೆ ಹೋಯಿತೆ? ಯಾರಾದರೂ ಪೆಟ್ಟಿಗೆಯನ್ನು ಸ್ಥಳಾಂತರಿಸಿದರೆ? ಇದು ಕಾರಣಶೋಧ. ಕೆಲವು ವಾರಗಳಿಂದ ಗಡಿಯಾರ ಹಿಂದೆ ಬೀಳುತ್ತಿತ್ತೆ, ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿತ್ತೆ? ಇದು ಪೂರ್ವರೂಪ. ಒಂದು ಭಾಗವನ್ನು ತೆಗೆದು, ಸರಿಯಿರುವ ಇನ್ನೊಂದನ್ನು ಇಟ್ಟು ನೋಡುವುದು ಉಪಶಯ. ಇಲ್ಲಿ ತಾರ್ಕಿಕರ ಅನ್ವಯವ್ಯತಿರೇಕವನ್ನು ಮರೆಯಬಾರದು. ಸಂಶಯದ ಭಾಗವು ಇದ್ದಾಗ ದೋಷವಿರಬೇಕು, ಇಲ್ಲದಾಗ ದೋಷವಿರಬಾರದು; ಎರಡೂ ಸಿದ್ಧವಾದರೆ ಮಾತ್ರ ನಿರ್ಣಯ. ಏಕಕಾಲದಲ್ಲಿ ಮೂರು ಭಾಗಗಳನ್ನು ಬದಲಿಸಿದವನ ಯಂತ್ರ ಸರಿಯಾಗಬಹುದು, ಆದರೆ ಅವನಿಗೆ ಜ್ಞಾನ ಲಭಿಸುವುದಿಲ್ಲ.

ತೆರೆ ಕಪ್ಪಾಗಿರುವ ಸಂದರ್ಭವನ್ನೇ ಮೊದಲು ನೋಡೋಣ. ಮಾನಿಟರಿಗೆ ಪ್ರತ್ಯೇಕ ವಿದ್ಯುತ್ ಬಂದಿದೆಯೇ, ಅದರ ತಂತಿ ಸಡಿಲವಾಗಿಲ್ಲವೇ, ಬೇರೆ ಗ್ರಾಫಿಕ್ಸ್ ಫಲಕವಿರುವ ಯಂತ್ರದಲ್ಲಿ ತಂತಿಯನ್ನು ತಪ್ಪಿ ಮದರ್‌ಬೋರ್ಡಿನ ರಂಧ್ರಕ್ಕೆ ಸಿಕ್ಕಿಸಿಲ್ಲವೇ ಎಂದು ನೋಡುವುದು ಪ್ರಥಮ ಕರ್ತವ್ಯ. ಅನಂತರ ಕಿವಿಗೊಡಬೇಕು. ಪುಟ್ಟ ಸ್ಪೀಕರ್ ಇರುವ ಯಂತ್ರವು ಹ್ರಸ್ವ, ದೀರ್ಘ ಧ್ವನಿಗಳ ಮೂಲಕ ತನ್ನ ದೋಷವನ್ನು ತಾನೇ ಹೇಳುತ್ತದೆ. ಈ ಲಘುಗುರುಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾದುದರಿಂದ ಆ ಬೋರ್ಡಿನ ಕೈಪಿಡಿಯನ್ನೇ ನೋಡಬೇಕು. ಸಂಸ್ಕಾರಕಕ್ಕೆಂದು ೧೨ ವೋಲ್ಟಿನ ಪ್ರತ್ಯೇಕ ತಂತಿಯೊಂದಿದೆ. ಅದು ಕಳಚಿದ್ದರೂ ಬೀಸಣಿಗೆಗಳು ನಿಶ್ಚಿಂತೆಯಿಂದ ತಿರುಗುತ್ತಿರಬಹುದು. ಇವೆಲ್ಲ ಸರಿಯಿದ್ದರೆ ರ‍್ಯಾಮ್ ಫಲಕಗಳನ್ನು ಹೊರತೆಗೆದು, ಅವುಗಳ ಲೋಹದ ಅಂಚನ್ನು ಮೃದುವಾಗಿ ಒರಸಿ, ಒಂದನ್ನು ಮಾತ್ರ ಭದ್ರವಾಗಿ ಕೂರಿಸಿ ನೋಡಬೇಕು. ಧೂಳು, ತೇವ, ಸ್ಥಳಾಂತರ ಇವುಗಳಿಂದ ಸಂಪರ್ಕ ತಪ್ಪುವುದು ಬಹು ಸಾಮಾನ್ಯ. ಕಣ್ಣಿಗೂ ಇಲ್ಲಿ ಕೆಲಸವುಂಟು: ೨೦೦೦ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ಕೆಪಾಸಿಟರುಗಳ ತಲೆ ಉಬ್ಬಿ ಒಳದ್ರವ ಸೋರಿದುದು ಪ್ರಸಿದ್ಧ ಸಂಗತಿ.

ಲಾಂಛನ ಮೂಡಿತೆಂದರೆ ಅರ್ಧ ಚಿಂತೆ ಕಳೆಯಿತು. ವಿದ್ಯುತ್ತು, ಸಂಸ್ಕಾರಕ, ಸ್ಮೃತಿ, ದೃಶ್ಯಭಾಗ ಇವೆಲ್ಲ ಮಟ್ಟಿಗೆ ಸರಿಯಿವೆಯೆಂದು ಯಂತ್ರವೇ ಸಾಕ್ಷಿ ನುಡಿದಂತಾಯಿತು. ಇಲ್ಲಿ ಮೊದಲು ಮಾಡಬೇಕಾದುದು ಯಾರೋ ಮರೆತು ಬಿಟ್ಟ ಪೆನ್‌ಡ್ರೈವನ್ನು ಕಿತ್ತು ನೋಡುವುದು. ಯಂತ್ರವು ಅದರಲ್ಲೇ ವಿಂಡೋಸನ್ನು ಅರಸುತ್ತ ನಿಂತಿರಬಹುದು. ಎರಡನೆಯದು, ಬಯೋಸಿನೊಳಗೆ ಹೊಕ್ಕು ಡಿಸ್ಕಿನ ಹೆಸರು ಕಾಣುವುದೋ ಇಲ್ಲವೋ ಎಂದು ನೋಡುವುದು. ಕಾಣದಿದ್ದರೆ ತಂತಿ ಸಡಿಲವಾಗಿರಬೇಕು ಅಥವಾ ಡಿಸ್ಕೇ ಕೆಟ್ಟಿರಬೇಕು. ಕಂಡೂ ಏಳದಿದ್ದರೆ ದಿನಾಂಕದತ್ತ ಕಣ್ಣು ಹಾಯಿಸಬೇಕು.

ದಿನಾಂಕಕ್ಕೂ ಡಿಸ್ಕಿಗೂ ಏನು ಸಂಬಂಧವೆಂದು ಆಶ್ಚರ್ಯವಾಗಬಹುದು. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಪುಟ್ಟ ಬ್ಯಾಟರಿಯೊಂದಿದೆ. ಸಿಆರ್ ೨೦೩೨ ಎಂಬುದು ಅದರ ಹೆಸರು. ಅನ್ವರ್ಥನಾಮವೇ, ಏಕೆಂದರೆ ೨೦ ಮಿಲಿಮೀಟರ್ ವ್ಯಾಸ ಹಾಗೂ ೩.೨ ಮಿಲಿಮೀಟರ್ ದಪ್ಪವೆಂದು ಆ ಅಂಕಿಗಳೇ ಹೇಳುತ್ತವೆ. ಅದರ ಶಕ್ತಿ ೩ ವೋಲ್ಟು ಮಾತ್ರ. ಯಂತ್ರ ನಿದ್ರಿಸುವಾಗ ಗಡಿಯಾರವನ್ನು ನಡೆಯಿಸುವುದೂ, ಅನೇಕ ಯಂತ್ರಗಳಲ್ಲಿ ಬಯೋಸಿನ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುವುದೂ ಅದರ ಕೆಲಸ. ಕೆಲವು ವರ್ಷಗಳ ಸೇವೆಯ ಬಳಿಕ ಅದು ಬರಿದಾಗುತ್ತದೆ. ಆಗ ದಿನಾಂಕವು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಡಿಸ್ಕನ್ನು ಓದುವ ವಿಧಾನವೂ ಅರಸುವ ಅನುಕ್ರಮವೂ ತಯಾರಕರು ಮೊದಲಿಟ್ಟ ಸ್ಥಿತಿಗೆ ಮರಳುತ್ತವೆ. ಆ ಸ್ಥಿತಿ ವಿಂಡೋಸನ್ನು ಸ್ಥಾಪಿಸಿದಾಗ ಇದ್ದುದಕ್ಕಿಂತ ಭಿನ್ನವಾಗಿದ್ದರೆ, ಯಾವ ಭಾಗವೂ ಕೆಡದೆಯೇ ಯಂತ್ರ ನಿಲ್ಲುತ್ತದೆ. ಕೆಲವೇ ಹತ್ತು ರೂಪಾಯಿಗಳ ಬ್ಯಾಟರಿಗೆ ಹಲವು ಸಾವಿರದ ಯಂತ್ರ ಮೂಲೆ ಸೇರುವುದು ಹೀಗೆ. ಲಕ್ಷಣ ಕಂಡ ತಾಣವೇ ದೋಷದ ತಾಣವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಯಂತ್ರ ಏಳಲಿಲ್ಲವೆಂದರೆ ‘ಫಾರ್ಮ್ಯಾಟ್’ ಮಾಡುವುದು, ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸನ್ನು ತುಂಬುವುದು, ಎಲ್ಲೆಡೆ ರೂಢಿಯಾಗಿಬಿಟ್ಟಿದೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಚಿಕಿತ್ಸೆಯಿದು. ದೋಷ ರ‍್ಯಾಮಿನಲ್ಲಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಹೋಗುವುದು ಬರೆಹ ಮಾತ್ರ. ಶಾಲೆಯ ಯಂತ್ರದಲ್ಲಿ ಏನೇನಿರುತ್ತದೆಂದು ನೆನೆದು ನೋಡಿರಿ: ಅಂಕಪಟ್ಟಿಗಳು, ವರ್ಗಾವಣೆ ಪತ್ರಗಳು, ಪ್ರಶ್ನಪತ್ರಿಕೆಗಳು, ಅಧ್ಯಾಪಕರ ಪಾಠಟಿಪ್ಪಣಿಗಳು, ವಾರ್ಷಿಕ ಸಂಚಿಕೆಗಾಗಿ ಬೆರಳಚ್ಚಾದ ಲೇಖನಗಳು. ಕನ್ನಡದ ವಿಷಯದಲ್ಲಿ ನಷ್ಟವು ಇಮ್ಮಡಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಗೂ ‘ಬರಹ’ ತಂತ್ರಾಂಶಗಳ ಹಿಂದಿನ ಆವೃತ್ತಿಗಳಲ್ಲಿ, ಯೂನಿಕೋಡ್ ರೂಢಿಗೆ ಬರುವ ಮೊದಲು, ಅಗಾಧವಾದ ಬರೆಹ ಸಿದ್ಧವಾಗಿದೆ. ಅದನ್ನು ಓದಲು ಕಡತದೊಂದಿಗೆ ಆ ಅಕ್ಷರವಿನ್ಯಾಸವೂ ಬೇಕು. ಅಳಿಸುವವನು ಎರಡನ್ನೂ ಒಟ್ಟಿಗೆ ಅಳಿಸುತ್ತಾನೆ. ಓಲೆಗರಿಯನ್ನು ಗೆದ್ದಲು ತಿಂದರೂ ಅಲ್ಲಲ್ಲಿ ಒಂದೆರಡು ಸಾಲು ಉಳಿಯುತ್ತದೆ. ಇಲ್ಲಿ ಆ ಭರವಸೆಯೂ ಕಡಮೆ.

ಆದುದರಿಂದ ಗುರುಶಿಷ್ಯರಿಬ್ಬರೂ ಕಂಠಸ್ಥ ಮಾಡಿಕೊಳ್ಳಬೇಕಾದ ನಿಯಮವೊಂದಿದೆ: ಬರೆಹದ ರಕ್ಷಣೆ ಮೊದಲು, ಯಂತ್ರದ ರಿಪೇರಿ ಅನಂತರ. ಲಿನಕ್ಸನ್ನು ತುಂಬಿದ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಚ್ಚರಗೊಳಿಸಲು ಬರುತ್ತದೆ; ಒಳಗಿನ ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ ಅದರಲ್ಲಿರುವುದನ್ನು ಬೇರೊಂದು ಡಿಸ್ಕಿಗೆ ಪ್ರತಿಮಾಡಿಕೊಳ್ಳಬಹುದು. ಡಿಸ್ಕು ಟಕಟಕನೆ ಸದ್ದು ಮಾಡುತ್ತಿದ್ದರೆ ಮಾತ್ರ ಕೂಡಲೆ ನಿಲ್ಲಿಸಿ, ಬಲ್ಲವರ ಕೈಗೆ ಒಪ್ಪಿಸಬೇಕು. ಸಾಯುತ್ತಿರುವ ಡಿಸ್ಕಿನ ಮೇಲೆ ದುರಸ್ತಿಯ ಆದೇಶಗಳನ್ನು ಹೇರಿದರೆ ಉಳಿದುದೂ ಹೋಗುತ್ತದೆ.

ಯಂತ್ರ ಏಳದಿರುವುದು ಬರಿಯ ಕೋಣೆಯೊಂದರ ಸಂಕಷ್ಟವಲ್ಲವೆಂಬುದನ್ನು ಲೋಕವು ೨೦೨೪ರ ಜುಲೈ ೧೯ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ರಕ್ಷಣಾತಂತ್ರಾಂಶ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಕಡತವೊಂದು ವಿಂಡೋಸ್ ಯಂತ್ರಗಳನ್ನು ಎಚ್ಚರಗೊಳ್ಳುವ ದಾರಿಯಲ್ಲಿಯೇ ಕೆಡಹಿತು. ಸಂಸ್ಥೆಯು ೭೮ ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್ ಅಂದಾಜಿನಂತೆ ಅಷ್ಟರಲ್ಲಿ ೮೫ ಲಕ್ಷ ಯಂತ್ರಗಳು ಬಾಧಿತವಾಗಿದ್ದವು. ವಿಮಾನಗಳು ನಿಂತವು, ಆಸ್ಪತ್ರೆಗಳು ತೊಂದರೆಗೊಳಗಾದವು. ನಮ್ಮ ದೇಶದಲ್ಲಿಯೂ ವಿಮಾನ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಪರಿಹಾರವಾದರೋ ಸರಳವಾಗಿತ್ತು: ಯಂತ್ರವನ್ನು ಸುರಕ್ಷಿತ ಕ್ರಮದಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸುವುದು. ಆದರೆ ಏಳದ ಯಂತ್ರಕ್ಕೆ ದೂರದಿಂದ ಆದೇಶ ಮುಟ್ಟುವುದು ಹೇಗೆ? ಬಹುಪಾಲು ಕಡೆ ಒಬ್ಬ ಮನುಷ್ಯ ಒಂದೊಂದೇ ಯಂತ್ರದೆದುರು ಕುಳಿತು ಕೈಯಿಂದಲೇ ಈ ಕೆಲಸ ಮಾಡಬೇಕಾಯಿತು. ಡಿಸ್ಕನ್ನು ಗೂಢಲಿಪಿಯಲ್ಲಿ ಭದ್ರಪಡಿಸಿದ್ದೆಡೆ ೪೮ ಅಂಕಿಗಳ ಕೀಲಿಯೂ ಬೇಕಾಯಿತು. ಅದನ್ನು ಬರೆದಿಟ್ಟುಕೊಂಡವರು ಬದುಕಿದರು. ನೂರಾರು ನಿಪುಣರು ಒಂದೆಡೆ ಇರುವುದಕ್ಕಿಂತ, ಅಲ್ಪಸ್ವಲ್ಪ ಬಲ್ಲ ಕೈಗಳು ಎಲ್ಲೆಡೆ ಇರುವುದು ಲೇಸೆಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಇರುವುದನ್ನೂ ಕೆಡಿಸಿಯಾರು ಎಂಬುದು ಮೊದಲನೆಯದು. ಕೆಡಿಸದಂತೆ ಕಲಿಸುವುದೇ ಶಿಕ್ಷಣ. ರಸಾಯನಶಾಲೆಯಲ್ಲಿ ಆಮ್ಲವನ್ನು ಕೊಡುವ ನಾವು ಇಲ್ಲಿ ಹಿಂಜರಿಯುವುದು ಸಲ್ಲದು. ಆದರೆ ಮರ್ಯಾದೆಗಳು ಇರತಕ್ಕದ್ದು. ಗೋಡೆಯ ತಂತಿಯನ್ನು ಕಿತ್ತ ಮೇಲೆಯೇ ಪೆಟ್ಟಿಗೆ ತೆರೆಯಬೇಕು. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆಯೇ ಫಲಕಗಳನ್ನು ಮುಟ್ಟಬೇಕು. ವಿದ್ಯುತ್ ಪೆಟ್ಟಿಗೆಯನ್ನು ಮಾತ್ರ ಯಾರೂ ಎಂದೂ ತೆರೆಯಕೂಡದು. ತಂತಿ ಕಿತ್ತ ಮೇಲೂ ಅದರೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು. ಖಾತರಿಯ ಅವಧಿಯಲ್ಲಿರುವ ಯಂತ್ರಗಳನ್ನು ತೆರೆಯದೆ ಹೊರಗಿನ ಪರೀಕ್ಷೆಗಳನ್ನಷ್ಟೇ ಮಾಡಬೇಕು. ರಿಪೇರಿ ಮಾಡುವವರ ಜೀವನೋಪಾಯಕ್ಕೆ ಧಕ್ಕೆಯಾಗುವುದೆಂಬುದು ಎರಡನೆಯ ಆಕ್ಷೇಪ. ನಾಡಿ ಹಿಡಿಯಲು ಬರುವ ತಾಯಿಯಿಂದ ವೈದ್ಯನಿಗೆ ನಷ್ಟವಿಲ್ಲ. ‘ಕೆಟ್ಟಿದೆ’ ಎನ್ನುವವರಿಗಿಂತ ‘ಲಾಂಛನದವರೆಗೆ ಬರುತ್ತದೆ, ಡಿಸ್ಕು ಕಾಣುವುದಿಲ್ಲ, ತಂತಿ ಬದಲಿಸಿ ನೋಡಿದ್ದೇವೆ’ ಎನ್ನುವವರನ್ನು ಪ್ರಾಮಾಣಿಕ ತಂತ್ರಜ್ಞನು ಆದರದಿಂದಲೇ ಕಾಣುತ್ತಾನೆ. ಅಪ್ರಾಮಾಣಿಕನು ಮಾತ್ರ ಅಂಜುತ್ತಾನೆ. ಎಲ್ಲವೂ ಕೈಫೋನಿನಲ್ಲೇ ಆಗುವಾಗ ಈ ಪೆಟ್ಟಿಗೆಗಳೇಕೆ ಎಂಬುದು ಮೂರನೆಯದು. ಬಿಚ್ಚಿ ನೋಡಿ ಕಲಿಯಲು ಅನುಕೂಲವಾಗಿ ಉಳಿದಿರುವ ಗಣಕ ಮೇಜಿನ ಮೇಲಿನದೇ ಆದುದರಿಂದ ಅದು ಶಾಲೆಗೆ ಇನ್ನಷ್ಟು ಬೇಕು.

ಇದು ಆಕಾಶಕ್ಕೆ ಏಣಿ ಹಾಕುವ ಮಾತಲ್ಲ. ನೆರೆಯ ಕೇರಳದ ಶಾಲೆಗಳಲ್ಲಿ ೨೦೧೮ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿಕೂಟಗಳಲ್ಲಿ ಯಂತ್ರಾಂಶದ ಪರಿಚಯವೂ ಅಭ್ಯಾಸದ ಒಂದಂಗವಾಗಿದೆ. ನಮ್ಮಲ್ಲಿಯೂ ಪ್ರತಿಯೊಂದು ಪ್ರೌಢಶಾಲೆ ನಾಲ್ಕು ಕೆಲಸಗಳನ್ನು ಮಾಡಬಹುದು. ಒಂಬತ್ತನೆಯ ತರಗತಿಗೆ ವಾರಕ್ಕೊಂದು ಅವಧಿಯ ನಿದಾನಪಾಠ. ಒಂದು ಪೆಟ್ಟಿಗೆಯಲ್ಲಿ ಸರಿಯೆಂದು ಪರೀಕ್ಷಿಸಿದ ಒಂದು ರ‍್ಯಾಮ್ ಫಲಕ, ಒಂದು ಡಿಸ್ಕಿನ ತಂತಿ, ಒಂದೆರಡು ನಾಣ್ಯದ ಬ್ಯಾಟರಿ, ಲಿನಕ್ಸ್ ತುಂಬಿದ ಪೆನ್‌ಡ್ರೈವ್. ಪ್ರತಿಯೊಂದು ಯಂತ್ರಕ್ಕೂ ಒಂದು ದಿನಚರಿ ಪುಸ್ತಕ; ಅದರಲ್ಲಿ ಲಕ್ಷಣ, ಮಾಡಿದ ಪ್ರಯೋಗ, ಕಂಡ ಫಲ, ಮಾಡಿದವರ ಹೆಸರು. ನಾಲ್ಕನೆಯದಾಗಿ, ಪ್ರತಿ ಶನಿವಾರ ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಅದನ್ನು ಬೇರೊಂದು ಕೋಣೆಯಲ್ಲಿಡುವುದು. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿದುದರಿಂದ, ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳನ್ನು ‘ಹಳೆಯವು’ ಎಂದು ತಳ್ಳುವ ಕಾಲ ಬಂದಿದೆ. ಅವುಗಳಲ್ಲಿ ಹಲವು ಲಿನಕ್ಸಿನೊಂದಿಗೆ ಇನ್ನೂ ಕೆಲವು ವರ್ಷ ದುಡಿಯಬಲ್ಲವು. ಕೊನೆಗೆ ನಿಜವಾಗಿಯೂ ಸತ್ತ ಯಂತ್ರವನ್ನು ಗುಜರಿಯವನಿಗೆ ಕೊಟ್ಟು ಸುಡಿಸಬಾರದು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಂತೆ ನೋಂದಾಯಿತರಿಗೇ ಒಪ್ಪಿಸಬೇಕು.

ಈ ಅಭ್ಯಾಸದಿಂದ ಯಂತ್ರ ಸರಿಯಾಗುವುದು ಚಿಕ್ಕ ಲಾಭ. ಊಹೆಗೂ ನಿರ್ಣಯಕ್ಕೂ ಇರುವ ಅಂತರವನ್ನು ಹದಿನಾಲ್ಕರ ಹರೆಯದಲ್ಲಿಯೇ ಅರಿಯುವುದು ದೊಡ್ಡ ಲಾಭ. ದೋಷವನ್ನು ಎದುರಿಗೆ ಕಂಡವರ ಮೇಲೆ ಹೊರಿಸದೆ ಮೂಲವನ್ನರಸುವ, ಒಂದೊಂದನ್ನೇ ಪರೀಕ್ಷಿಸುವ, ಇತರರ ಬರೆಹವನ್ನು ತನ್ನದೆಂಬಂತೆ ಕಾಯುವ ಬುದ್ಧಿ ಯಾವ ವೃತ್ತಿಗೆ ಬೇಡ? ಮುಂದಿನ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗ ಅಧ್ಯಾಪಕ ಬಂಧುಗಳು ಆ ವಾರದ ಒಂದು ಅವಧಿಗೆ ಸ್ಥಳ ಮಾಡಿಕೊಡಲಿ. ಹೊದಿಕೆಯಡಿಯ ಯಂತ್ರಗಳನ್ನೇ ಅದರ ಪಠ್ಯಪುಸ್ತಕಗಳನ್ನಾಗಿ ಮಾಡಿಕೊಳ್ಳಲಿ.